ಕುಂಟುವ ಕೋಳಿಗೆ ಇನ್ನಷ್ಟು ಸುಣ್ಣ ಸುರಿಯಬೇಡಿ

ಮೂರನೆಯ ವಾರದಲ್ಲಿ ಒಂದಷ್ಟು ಮರಿಗಳು ಕುಂಟಿದರೆ ಸಾಕು, ನನ್ನ ಮೊಬೈಲ್ ಬಡಿದುಕೊಳ್ಳಲು ಶುರುವಾಗುತ್ತದೆ. "ಮೇಡಂ, ಕಾಲು ಬಿದ್ದಿವೆ, ಯಾವ ಕ್ಯಾಲ್ಸಿಯಂ ಕೊಡಲಿ?" ಕೊಡಬೇಕೇ ಎಂದು ಯಾರೂ ಕೇಳುವುದಿಲ್ಲ, ಯಾವುದು ಎಂದಷ್ಟೇ ಕೇಳುತ್ತಾರೆ. ಅಷ್ಟರಲ್ಲಿ ಔಷಧ ಅಂಗಡಿಯವನು ಐದು ಲೀಟರ್ ಕ್ಯಾನ್ ಮಾರಿಯೂ ಆಗಿರುತ್ತದೆ. ನನಗೆ ಬರುವ ಫೋನ್ ಬರೀ ಮರ್ಯಾದೆಗೆ.

ಹರಿಹರದ ಬಳಿಯ ಒಂದು ಸಣ್ಣ ಫೀಡ್ ಮಿಲ್ಲಿಗೆ ಫಾರ್ಮುಲಾ ಬರೆಯುವುದು ನನ್ನ ಕೆಲಸ. ಪಶುವೈದ್ಯಕೀಯ ಓದಿ, ಸಿರಿಂಜು ಬಿಟ್ಟು ತಕ್ಕಡಿ ಹಿಡಿದವಳು ನಾನು. ಬ್ರಾಯ್ಲರ್ ಆಹಾರದಲ್ಲಿ ಖನಿಜಾಂಶ ಮೈಗೆ ಹತ್ತುವಂತೆ ಮಾಡುವ ಪುಡಿ, ದ್ರವ, ಕಿಣ್ವಗಳ ಮಾರಾಟಗಾರರು ನಮ್ಮ ಮಿಲ್ಲಿನ ಮೆಟ್ಟಿಲು ಹತ್ತದ ವಾರವಿಲ್ಲ. ಅವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಅವು ಕೆಲಸ ಮಾಡಬೇಕಾದರೆ ಫೀಡಿನಲ್ಲಿ ಕಲ್ಲುಪುಡಿ, ಅಂದರೆ ಕ್ಯಾಲ್ಸಿಯಂಗೆಂದು ಬೆರೆಸುವ ಸುಣ್ಣಕಲ್ಲಿನ ಪುಡಿ, ಅತಿಯಾಗಿರಬಾರದು. ಈ ಮಾತನ್ನು ಹೇಳುವವರು ಕಡಿಮೆ, ಏಕೆಂದರೆ ಕಲ್ಲುಪುಡಿ ಕಡಿಮೆ ಮಾಡಿ ಎನ್ನುವುದರಲ್ಲಿ ಯಾರಿಗೂ ಕಮಿಷನ್ ಇಲ್ಲ.

ಮೊದಲು ಕೋಳಿಯ ಕಷ್ಟ ತಿಳಿಯೋಣ. ಮೊಟ್ಟೆಯಿಂದ ಹೊರಬಂದ ದಿನ ಸುಮಾರು 40 ಗ್ರಾಂ ತೂಗುವ ಮರಿ 35 ದಿನಕ್ಕೆ ಎರಡು ಕಿಲೋ ದಾಟುತ್ತದೆ. ಮಾಂಸ ಬೆಳೆಯುವ ವೇಗಕ್ಕೆ ಮೂಳೆ ಓಡಲೇಬೇಕು. ಮೂಳೆಗೆ ಬೇಕಾದ ರಂಜಕವೇನೋ (ಫಾಸ್ಫರಸ್) ಮೆಕ್ಕೆಜೋಳದಲ್ಲೂ ಸೋಯಾ ಹಿಂಡಿಯಲ್ಲೂ ಇದೆ, ಆದರೆ ಅದರ ಮೂರರಲ್ಲಿ ಎರಡು ಪಾಲು ಫೈಟಿಕ್ ಆಮ್ಲದ ರೂಪದಲ್ಲಿ ಬೀಗ ಹಾಕಿಕೊಂಡು ಕುಳಿತಿರುತ್ತದೆ. ಒಂದು ಇನೊಸಿಟಾಲ್ ಉಂಗುರ, ಅದಕ್ಕೆ ಅಂಟಿಕೊಂಡ ಆರು ಫಾಸ್ಫೇಟ್ ಗುಂಪುಗಳು. ಬೀಜ ಮೊಳೆಯುವಾಗ ತನಗೆ ಬೇಕೆಂದು ಗಿಡ ಕೂಡಿಟ್ಟುಕೊಂಡ ಗಂಟು ಅದು. ಆ ಬೀಗ ತೆಗೆಯುವ ಫೈಟೇಸ್ ಕಿಣ್ವ ಕೋಳಿಯ ಕರುಳಿನಲ್ಲಿ ಸಾಕಷ್ಟು ಇಲ್ಲ. ಹೀಗಾಗಿ ತಿಂದ ರಂಜಕದ ದೊಡ್ಡ ಪಾಲು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ.

ಹೋಗುವಾಗ ಒಂಟಿಯಾಗಿಯೂ ಹೋಗುವುದಿಲ್ಲ. ಕರುಳಿನಲ್ಲಿ ಆಮ್ಲ ಕಡಿಮೆಯಾದಂತೆ ಈ ಫೈಟಿಕ್ ಆಮ್ಲ, ಅಂದರೆ ಫೈಟೇಟ್, ಸತು, ಮ್ಯಾಂಗನೀಸ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಅತಿ ಹೆಚ್ಚು ಪೆಟ್ಟು ಬೀಳುವುದು ಸತುವಿಗೆ. ಕೋಳಿಮರಿಗೆ ಸತು ಅಗತ್ಯವೆಂದೂ, ಫೈಟಿಕ್ ಆಮ್ಲ ಅದನ್ನು ಕಸಿಯುತ್ತದೆಂದೂ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಓಡೆಲ್ ಮತ್ತು ಸ್ಯಾವೇಜ್ 1950ರ ದಶಕದ ಕೊನೆಯಲ್ಲಿ ಮತ್ತು 1960ರ ಸುಮಾರಿಗೆ ತೋರಿಸಿದ್ದರು. ನಮಗೆ ಹೊಸದಾಗಿ ಬಂದ ಜ್ಞಾನವೇನಲ್ಲ ಇದು.

ಇನ್ನೂ ಹಳೆಯ ಕಥೆಯೊಂದಿದೆ, ಅದು ನನಗೆ ಹೆಚ್ಚು ಇಷ್ಟ. ಮರಿಗಳ ಕಾಲಿನ ಕೀಲು ಊದಿ, ಹಿಂಬದಿಯ ಸ್ನಾಯುರಜ್ಜು ಜಾರಿ ಕಾಲು ಪಕ್ಕಕ್ಕೆ ತಿರುಗಿಬಿಡುವ ಪೆರೋಸಿಸ್ ರೋಗಕ್ಕೆ ಕಾರಣ ಹುಡುಕುತ್ತಿದ್ದ ಕಾಲ. ಆಹಾರಕ್ಕೆ ಮೂಳೆ ಪುಡಿ, ಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚಿಸಿದಷ್ಟೂ ರೋಗ ಕೆರಳುತ್ತಿತ್ತು. ಕಾಲಿನ ರೋಗಕ್ಕೆ ಮೂಳೆಯ ಆಹಾರ ಕೊಟ್ಟರೆ ಕಾಲೇ ಹೋಗುವುದೆಂದರೆ! 1936ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿಲ್ಗಸ್, ನಾರಿಸ್ ಮತ್ತು ಹ್ಯೂಸರ್ ಗುಟ್ಟು ಬಿಡಿಸಿದರು: ಕೊರತೆ ಇದ್ದದ್ದು ಮ್ಯಾಂಗನೀಸಿನದು. ಹೆಚ್ಚುವರಿ ಕ್ಯಾಲ್ಸಿಯಂ ಮತ್ತು ರಂಜಕ ಕರುಳಿನಲ್ಲಿ ಆ ಅಲ್ಪ ಮ್ಯಾಂಗನೀಸನ್ನೂ ದೊರೆಯದಂತೆ ಮಾಡುತ್ತಿದ್ದವು. ಇಷ್ಟು ವರ್ಷಗಳಾದರೂ ಕುಂಟುವ ಕೋಳಿಗೆ ಕ್ಯಾಲ್ಸಿಯಂ ಕ್ಯಾನ್ ಹಿಡಿದು ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಸಹಜವಲ್ಲವೇ?

ಮಲೆಬೆನ್ನೂರು ಕಡೆಯ ಇಬ್ಬರು ಅಣ್ಣತಮ್ಮಂದಿರ ಫಾರಂ ನೆನಪಾಗುತ್ತದೆ. ಸ್ವಂತ ಮಿಕ್ಸರ್ ಇಟ್ಟುಕೊಂಡು ತಾವೇ ಫೀಡ್ ಮಾಡಿಕೊಳ್ಳುವವರು, ಲೆಕ್ಕದಲ್ಲಿ ಚೊಕ್ಕ. ಮರಿಗಳು ಹದಿನೆಂಟು ಇಪ್ಪತ್ತು ದಿನಕ್ಕೆ ಕೂತಲ್ಲಿಂದ ಏಳುತ್ತಿರಲಿಲ್ಲ. ಕೊಕ್ಕು ಬೆರಳಿಗೆ ರಬ್ಬರಿನಂತೆ ಬಾಗುತ್ತಿತ್ತು. ಲೆಗ್‌ಪೀಸ್‌ನ ಮೂಳೆಯನ್ನು ಉದ್ದಕ್ಕೆ ಸೀಳಿದರೆ ತುದಿಯ ಬೆಳವಣಿಗೆಯ ಪಟ್ಟಿ ದಪ್ಪಗಾಗಿತ್ತು. ಇದು ರಿಕೆಟ್ಸ್, ಅಂದರೆ ಮೂಳೆ ಗಟ್ಟಿಯಾಗದ ರೋಗ, ಎಂಬುದರಲ್ಲಿ ಅನುಮಾನವಿರಲಿಲ್ಲ. "ಮೇಡಂ, ಕ್ಯಾಲ್ಸಿಯಂ ನೀರಲ್ಲೂ ಕೊಡುತ್ತಿದ್ದೇವೆ, ಫೀಡಲ್ಲೂ ಎರಡು ಕಿಲೋ ಜಾಸ್ತಿ ಹಾಕಿದ್ದೇವೆ" ಎಂದರು ಹಿರಿಯವರು. ಕಿರಿಯವರು ಬೋರ್‌ವೆಲ್ ನೀರಿನ ಮೇಲೆ ಆರೋಪ ಹೊರಿಸಿದರು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಂತೆ.

ನೀರಿನ ಲೆಕ್ಕ ಅಲ್ಲಿಯೇ ಮಾಡಿ ತೋರಿಸಿದೆ. ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದೆ ಎಂದುಕೊಳ್ಳಿ, ಅದೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದೇ ಹಿಡಿಯಿರಿ. ಕ್ಯಾಲ್ಸಿಯಂ ಇರುವುದು 200 ಮಿಲಿಗ್ರಾಂ. ಕೋಳಿ ಒಂದು ಕಿಲೋ ಫೀಡಿಗೆ ಎರಡು ಲೀಟರ್ ನೀರು ಕುಡಿದರೆ 400 ಮಿಲಿಗ್ರಾಂ, ಅಂದರೆ ಫೀಡಿನ ಲೆಕ್ಕದಲ್ಲಿ ಶೇ. 0.04. ಪಾತ್ರೆ ಬೆಳ್ಳಗಾಗುತ್ತದೆ ನಿಜ, ಕೋಳಿಯ ಕಾಲು ಮುರಿಯುವಷ್ಟು ಶಕ್ತಿ ಅದಕ್ಕಿಲ್ಲ.

ಫೀಡಿನ ಮಾದರಿ ಪ್ರಯೋಗಾಲಯದಿಂದ ಬಂದಾಗ ಕ್ಯಾಲ್ಸಿಯಂ ಶೇ. 1.4ರ ಹತ್ತಿರವಿತ್ತು, ಒಟ್ಟು ರಂಜಕ ಶೇ. 0.6 ಕೂಡ ಇರಲಿಲ್ಲ. ಕಾಗದದ ಮೇಲಿನ ಫಾರ್ಮುಲಾ ಕ್ಯಾಲ್ಸಿಯಂ ಶೇ. 1.0 ಎಂದು ಹೇಳುತ್ತಿತ್ತು. ಉಳಿದದ್ದು ಎಲ್ಲಿಂದ ಬಂತು? ಇದನ್ನು ಹುಡುಕುವುದೇ ನನ್ನ ಕೆಲಸದ ರುಚಿಯ ಭಾಗ.

ಚೀಲಗಳನ್ನು ಒಂದೊಂದಾಗಿ ಬಿಚ್ಚಿದೆವು. ಟಾಕ್ಸಿನ್ ಬೈಂಡರ್, ವಿಟಮಿನ್ ಮಿಶ್ರಣ, ಖನಿಜ ಮಿಶ್ರಣ, ಕಾಕ್ಸಿಡಿಯಾ ಔಷಧ, ಯಕೃತ್ತಿನ ಪುಡಿ. ಪ್ರತಿಯೊಂದರಲ್ಲೂ ಔಷಧ ಹಿಡಿಯಷ್ಟು, ಮಿಕ್ಕಿದ್ದು ತೂಕಕ್ಕೆ ತುಂಬಿದ ವಾಹಕ. ಆ ವಾಹಕ ಬಹುತೇಕ ಎಲ್ಲದರಲ್ಲೂ ಕಲ್ಲುಪುಡಿಯೇ. ಟನ್ನಿಗೆ ಐದು ಕಿಲೋ ಹೀಗೆ ಗುಟ್ಟಾಗಿ ಒಳಹೊಕ್ಕರೆ, ಶೇ. 38ರ ಕ್ಯಾಲ್ಸಿಯಂ ಲೆಕ್ಕದಲ್ಲಿ ಸುಮಾರು ಶೇ. 0.19 ಹೆಚ್ಚಾಯಿತು. ಅದರ ಮೇಲೆ ಅಣ್ಣನವರ ಎರಡು ಕಿಲೋ. ಕೊನೆಯಲ್ಲಿ ಸಿಕ್ಕಿದ್ದು ಡಿಸಿಪಿ, ಅಂದರೆ ರಂಜಕಕ್ಕೆಂದು ಬೆರೆಸುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಚೀಲ.

ನನ್ನ ಕೈಚೀಲದಲ್ಲಿ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಸಣ್ಣ ಬಾಟಲಿ ಯಾವಾಗಲೂ ಇರುತ್ತದೆ. ಗಾಜಿನ ಲೋಟದಲ್ಲಿ ಒಂದು ಚಮಚ ಡಿಸಿಪಿ ಹಾಕಿ ಆಮ್ಲ ಸುರಿದರೆ ಅದು ಸುಮ್ಮನೆ ಕರಗಬೇಕು. ಒಂದೆರಡು ಗುಳ್ಳೆಗೆ ಗಾಬರಿ ಬೇಡ. ಅಂದು ಸೋಡಾ ಬಾಟಲಿ ತೆರೆದಂತೆ ನೊರೆ ಉಕ್ಕಿತು. ಕಲ್ಲುಪುಡಿ ಬೆರೆಸಿದ ಮಾಲು. ಡಿಸಿಪಿಯ ಬೆಲೆ ಕೊಟ್ಟು ಸುಣ್ಣ ಕೊಂಡಿದ್ದರು. ರಂಜಕ ಇಳಿದಿತ್ತು, ಕ್ಯಾಲ್ಸಿಯಂ ಏರಿತ್ತು, ಎರಡರ ಅನುಪಾತ ಕೆಟ್ಟು ಮೂಳೆ ಮೆತ್ತಗಾಗಿತ್ತು. ತಳದಲ್ಲಿ ಕರಗದೆ ಉಳಿದ ಮರಳು ಬೇರೆ. ಈ ಪರೀಕ್ಷೆಗೆ ಹಣವೇ ಬೇಕಿಲ್ಲ, ಆದರೂ ಚೀಲ ಇಳಿಸಿಕೊಳ್ಳುವಾಗ ಮಾಡುವವರು ತೀರಾ ಕಡಿಮೆ.

ಇನ್ನು ಫೈಟೇಸ್ ವಿಚಾರ. ಫೀಡಿಗೆ ಬೆರೆಸುವ ಎಲ್ಲ ಸೇರ್ಪಡೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸು ಎಂದರೆ ನಾನು ಆರಿಸುವುದು ಇದನ್ನೇ. ಮಾರುಕಟ್ಟೆಗೆ ಮೊದಲು ಬಂದದ್ದು 1991ರಲ್ಲಿ, ನೆದರ್‌ಲೆಂಡ್ಸ್‌ನಲ್ಲಿ. ಅಲ್ಲಿ ತಲೆನೋವಾಗಿದ್ದದ್ದು ಕುಂಟುವ ಕೋಳಿಗಿಂತ ಹೆಚ್ಚಾಗಿ ಗೊಬ್ಬರದ ರಂಜಕ ಹೊಲದಿಂದ ಹಳ್ಳಕೊಳ್ಳ ಸೇರಿ ನೀರು ಕೆಡುತ್ತಿದ್ದದ್ದು. ನಮ್ಮಲ್ಲಿ ಗೊಬ್ಬರದ ಲೆಕ್ಕ ಯಾರೂ ಇಡುವುದಿಲ್ಲ. ಚನ್ನಗಿರಿಯ ಅಡಿಕೆ ತೋಟದವರು ಲಾರಿ ತಂದು ತುಂಬಿಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮವರನ್ನು ಫೈಟೇಸ್ ಕಡೆಗೆ ನೂಕಿದ್ದು ಬೆಲೆ. 2021-22ರಲ್ಲಿ ಡಿಸಿಪಿಯ ಮೂಲವಸ್ತುವಾದ ರಾಕ್ ಫಾಸ್ಫೇಟ್ ದುಬಾರಿಯಾಗಿ ಡಿಸಿಪಿ ದರ ಹಾರಿದಾಗ, ಅದೇ ಸುಮಾರಿಗೆ ಸೋಯಾ ಹಿಂಡಿಯೂ ಕೈಗೆಟುಕದೆ ಹೊರದೇಶದಿಂದ ತರಿಸಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಾಗ, ಕಿಣ್ವ ಎಂದರೆ ಮೂಗು ಮುರಿಯುತ್ತಿದ್ದ ಮಿಲ್ಲಿನವರೂ ವಿಚಾರಿಸತೊಡಗಿದರು.

ಲೆಕ್ಕ ಹೀಗಿದೆ. ಒಂದು ಟನ್ ಫೀಡಿನಲ್ಲಿ 600 ಕಿಲೋ ಮೆಕ್ಕೆಜೋಳ, 320 ಕಿಲೋ ಸೋಯಾ ಹಿಂಡಿ ಎಂದಿಟ್ಟುಕೊಳ್ಳಿ. ಜೋಳದಲ್ಲಿ ಶೇ. 0.27, ಹಿಂಡಿಯಲ್ಲಿ ಶೇ. 0.65 ರಂಜಕ, ಎರಡೂ ಸೇರಿ 3.7 ಕಿಲೋ ಆಯಿತು. ಅದರಲ್ಲಿ ಕೋಳಿಗೆ ದಕ್ಕುವುದು ಸುಮಾರು 1.2 ಕಿಲೋ. ಮೊದಲ ಮೂರು ವಾರಕ್ಕೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಪಟ್ಟಿ ಕೇಳುವುದು ಶೇ. 0.45, ಟನ್ನಿಗೆ 4.5 ಕಿಲೋ. ಕೊರತೆಯ 3.3 ಕಿಲೋ ತುಂಬಲು ಶೇ. 18 ರಂಜಕದ ಡಿಸಿಪಿ ಹದಿನೆಂಟು ಕಿಲೋ ಬೇಕು. ಕಿಲೋ ಫೀಡಿಗೆ 500 ಯೂನಿಟ್ ಫೈಟೇಸ್ ಹಾಕಿದರೆ ಶೇ. 0.12ರ ಆಸುಪಾಸು ರಂಜಕ ಬೀಗದಿಂದ ಹೊರಬರುತ್ತದೆ. ಆರೇಳು ಕಿಲೋ ಡಿಸಿಪಿ ಉಳಿಯಿತು. ಗ್ರಾಮಿಗೆ 5000 ಯೂನಿಟ್ ಇರುವ ಪುಡಿಯಾದರೆ ಟನ್ನಿಗೆ 100 ಗ್ರಾಂ ಸಾಕು. ಅಷ್ಟು ಸಣ್ಣ ಪ್ರಮಾಣವನ್ನು ನೇರವಾಗಿ ಮಿಕ್ಸರಿಗೆ ಎಸೆದರೆ ಎಲ್ಲ ಕೋಳಿಗೂ ಸಮನಾಗಿ ಸಿಗುವುದಿಲ್ಲ. ಮೊದಲು ಐದಾರು ಕಿಲೋ ಜೋಳದ ಪುಡಿಯಲ್ಲಿ ಕಲಸಿಕೊಳ್ಳಬೇಕು. ಕಲ್ಲುಪುಡಿಯಲ್ಲಿ ಅಲ್ಲ!

ಆದರೆ ಈ ಶೇ. 0.12 ಎಂಬುದು ಎಲ್ಲ ಕಡೆ ಸಿಗುವ ಹುಂಡಿ ಹಣವಲ್ಲ. ಫೈಟೇಸ್ ಕೆಲಸ ಮಾಡುವುದು ಮೇವುಚೀಲ, ಜಠರ ಮತ್ತು ಆಹಾರ ಅರೆಯುವ ಕಂದನಕಾಯಿಯಲ್ಲಿ, ಆಮ್ಲ ಇರುವಲ್ಲಿ. ಕಲ್ಲುಪುಡಿ ಹೆಚ್ಚಾದರೆ ಅದು ಆ ಆಮ್ಲವನ್ನೇ ಕುಡಿದುಬಿಡುತ್ತದೆ. ಆಮ್ಲ ಇಳಿದಂತೆ ಕ್ಯಾಲ್ಸಿಯಂ ಮತ್ತು ಫೈಟೇಟ್ ಕೂಡಿ ಕರಗದ ಗಟ್ಟಿಯಾಗಿ ಕುಳಿತುಕೊಳ್ಳುತ್ತವೆ, ಕಿಣ್ವದ ಹಲ್ಲು ಅದಕ್ಕೆ ತಾಗುವುದಿಲ್ಲ. ಗಂಧದ ಪುಡಿಯಂತೆ ನುಣ್ಣಗೆ ಅರೆದ ಕಲ್ಲುಪುಡಿ ಇನ್ನೂ ಬೇಗ ಕರಗಿ ಇನ್ನೂ ಬೇಗ ತೊಂದರೆ ಕೊಡುತ್ತದೆ. ಸ್ವಲ್ಪ ತರಿಯಾಗಿರುವುದು ವಾಸಿ. ಮಿಲ್ಲಿನವರಿಗೆ ನುಣ್ಣಗಿದ್ದಷ್ಟೂ ಒಳ್ಳೆಯ ಮಾಲು ಎಂಬ ನಂಬಿಕೆ, ಅದನ್ನು ಅಲುಗಾಡಿಸುವುದು ನನ್ನಿಂದ ಇನ್ನೂ ಆಗಿಲ್ಲ.

ಫೀಡನ್ನು ಒತ್ತಿ ಗುಳಿಗೆಯಂತೆ ಪೆಲೆಟ್ ಮಾಡುವವರಿಗೆ ಮತ್ತೊಂದು ತೊಡಕು. ಹಬೆಯಲ್ಲಿ 85 ಡಿಗ್ರಿ ದಾಟಿದರೆ ಸಾಮಾನ್ಯ ಫೈಟೇಸ್ ಬೆಂದು ಹೋಗುತ್ತದೆ. ಶಾಖ ತಡೆಯುವ ತಳಿ ಅಥವಾ ಮೇಲ್ಪದರ ಲೇಪಿಸಿದ ಕಾಳನ್ನೇ ಕೊಳ್ಳಬೇಕು, ಇಲ್ಲವೇ ಪೆಲೆಟ್ ತಣಿದ ಮೇಲೆ ದ್ರವ ಸಿಂಪಡಿಸಬೇಕು. ಮಾರಾಟಗಾರ ತೋರಿಸುವ ವರದಿ ಚೀಲದೊಳಗಿನ ಪುಡಿಯದ್ದು. ನಾನು ಕೇಳುವುದು ಪೆಲೆಟ್ ಆದ ನಂತರದ ವರದಿ. ಅಲ್ಲಿಗೆ ಅರ್ಧ ಮಂದಿ ಮತ್ತೆ ಬರುವುದಿಲ್ಲ.

ತೌಡು ಹೆಚ್ಚು ಬಳಸುವವರು ಇನ್ನೂ ಎಚ್ಚರದಿಂದಿರಬೇಕು. ಗಂಗಾವತಿ ಕಡೆಯಿಂದ ಬರುವ ಎಣ್ಣೆ ತೆಗೆದ ತೌಡು ಅಗ್ಗ, ಆದರೆ ಅದರಲ್ಲಿ ಫೈಟೇಟ್ ಜೋಳಕ್ಕಿಂತ ಎಷ್ಟೋ ಪಟ್ಟು. ಅಲ್ಲಿ 500 ಯೂನಿಟ್ ಸಾಲದು. ಒಂದೂವರೆ ಸಾವಿರ ಯೂನಿಟ್ ಹಾಕುವ ಪದ್ಧತಿಯೂ ಇದೆ. ಅದರ ಉದ್ದೇಶ ರಂಜಕ ಬಿಡಿಸುವುದಷ್ಟೇ ಅಲ್ಲ, ಫೈಟೇಟನ್ನು ಆದಷ್ಟು ಪೂರ್ತಿ ಒಡೆದು ಸತು ಮುಂತಾದವನ್ನೂ ಬಿಡಿಸಿಕೊಳ್ಳುವುದು. ತೌಡಿನ ಫೀಡಿಗೆ ನನಗೆ ಅದು ಒಪ್ಪಿಗೆ.

ಸತುವಿಗೆ ಬಂದರೆ ಜಗಳ ಶುರು. ಮೇಲೆ ಹೇಳಿದ 1994ರ ಪಟ್ಟಿ ಕಿಲೋ ಫೀಡಿಗೆ ಸತು 40, ಮ್ಯಾಂಗನೀಸ್ 60, ತಾಮ್ರ 8 ಮಿಲಿಗ್ರಾಂ ಎನ್ನುತ್ತದೆ. ಈಗಿನ ತಳಿಗಳಿಗೆ ಸತುವನ್ನು 100ರವರೆಗೆ ಹಾಕುವುದು ವಾಡಿಕೆ. ಸಾಮಾನ್ಯವಾಗಿ ಬಳಸುವುದು ಸತುವಿನ ಸಲ್ಫೇಟ್, ಇಲ್ಲವೇ ಅಗ್ಗದ ಆಕ್ಸೈಡ್. ಚೀಲೇಟ್ ಎಂದು ಮಾರುವುದು ಮಿಥಿಯೋನಿನ್, ಗ್ಲೈಸಿನ್ ಮುಂತಾದ ಅಮೈನೋ ಆಮ್ಲಕ್ಕೆ ಕಟ್ಟಿದ ಸತು. ಫೈಟೇಟಿನ ಕೈಗೆ ಸಿಗದೆ ಕರುಳಿನ ಗೋಡೆಯವರೆಗೆ ತಲುಪುವ ಸಾಧ್ಯತೆ ಹೆಚ್ಚು. ಇದು ಸುಳ್ಳಲ್ಲ. ಪಾದದಡಿಯ ಹುಣ್ಣು ಕಡಿಮೆಯಾಗುವುದನ್ನೂ, ಅಂಗಡಿಯಲ್ಲಿ ಪುಕ್ಕ ತೆಗೆಯುವಾಗ ಚರ್ಮ ಹರಿಯುವುದು ಕಡಿಮೆಯಾಗುವುದನ್ನೂ ನಾನೇ ಕಂಡಿದ್ದೇನೆ. ಆದರೆ ಬೆಲೆ ಸಲ್ಫೇಟಿನ ಹಲವು ಪಟ್ಟು. ಹಾಗಾಗಿ ನಾನು ಮರಿಗಳ ಮೊದಲ ಹಂತದ ಫೀಡಿನಲ್ಲಿ ಸತು, ಮ್ಯಾಂಗನೀಸ್, ತಾಮ್ರಗಳ ಮೂರನೇ ಒಂದು ಭಾಗವನ್ನು ಚೀಲೇಟ್ ಮಾಡಿ ಒಟ್ಟು ಪ್ರಮಾಣವನ್ನು ಇಳಿಸುತ್ತೇನೆ. ಸಲ್ಫೇಟ್ ಪೂರ್ತಿ ಇಟ್ಟುಕೊಂಡು ಅದರ ಮೇಲೆ ಚೀಲೇಟ್ ಸುರಿಯುವುದಾದರೆ ಹಣ ತಿಪ್ಪೆಗೆ ಹಾಕಿದಂತೆಯೇ. ಅಕ್ಷರಶಃ, ಏಕೆಂದರೆ ಹೆಚ್ಚಿನ ಸತು, ತಾಮ್ರ ಹೋಗಿ ಸೇರುವುದು ಅಲ್ಲಿಗೇ.

ಇನ್ನೊಂದು ಕೆಟ್ಟ ಚಾಳಿಯೆಂದರೆ ವಿಟಮಿನ್, ಖನಿಜದ ಸಲ್ಫೇಟ್‌ಗಳು, ಕೋಲಿನ್ ಕ್ಲೋರೈಡ್ ಮೂರನ್ನೂ ಒಂದೇ ಡಬ್ಬಿಯಲ್ಲಿ ಕಲಸಿ ತಿಂಗಳುಗಟ್ಟಲೆ ಇಡುವುದು. ಕೋಲಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒದ್ದೆಯಾದ ತಾಮ್ರ ಮತ್ತು ಕಬ್ಬಿಣ ವಿಟಮಿನ್‌ಗಳನ್ನು ಸುಡುತ್ತವೆ. ಮಳೆಗಾಲದಲ್ಲಿ ಡಬ್ಬಿ ತೆರೆದರೆ ಗಡ್ಡೆ ಕಟ್ಟಿರುತ್ತದೆ. ವಿಟಮಿನ್ ಡಿ3 ಹಾಳಾದರೆ ಕ್ಯಾಲ್ಸಿಯಂ ಯಾವ ರೂಪದಲ್ಲಿದ್ದರೇನು, ಕರುಳಿನಿಂದ ರಕ್ತಕ್ಕೆ ದಾಟಿಸುವವರಿಲ್ಲ.

ಡಿ3 ಎಂದಾಗ ನಮ್ಮ ಸೀಮೆಯ ಜೋಳದ ಮಾತು ಬರಲೇಬೇಕು. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ದಾವಣಗೆರೆ ಮಾರುಕಟ್ಟೆಗೆ ಬರುವ ಮೆಕ್ಕೆಜೋಳ ಹಸಿಯಾಗಿಯೇ ಬರುತ್ತದೆ, ಶಿಲೀಂಧ್ರ ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಏಟು ಕೊಡುವುದು ಯಕೃತ್ತಿಗೆ. ಡಿ3 ತನ್ನ ಕೆಲಸಕ್ಕೆ ಸಿದ್ಧವಾಗುವ ಮೊದಲ ಹಂತ ನಡೆಯುವುದೂ ಯಕೃತ್ತಿನಲ್ಲೇ. ಅಂಥ ಜೋಳ ಬಿಟ್ಟರೆ ಬೇರೆ ಇಲ್ಲ ಎಂದಾದಾಗ, ಆ ಹಂತವನ್ನು ದಾಟಿಸಿಯೇ ತಯಾರಿಸಿದ 25-ಹೈಡ್ರಾಕ್ಸಿ ಡಿ3 ಉಪಯೋಗಕ್ಕೆ ಬರುತ್ತದೆ. ಟನ್ನಿಗೆ ಬೇಕಾಗುವುದು 69 ಮಿಲಿಗ್ರಾಂ ಸಾರ. ಒಣಗಿದ ಒಳ್ಳೆಯ ಜೋಳವಿರುವ ಬೇಸಿಗೆಯಲ್ಲಿ ನಾನು ಅದಕ್ಕೆ ದುಡ್ಡು ಹಾಕಿಸುವುದಿಲ್ಲ.

ಸಿಟ್ರಿಕ್ ಆಮ್ಲವೂ ಫೈಟೇಟ್ ಬಿಡಿಸಲು ನೆರವಾಗುತ್ತದೆ ಎಂಬುದು ಸಂಶೋಧನೆಗಳಲ್ಲಿ ನಿಜ. ಆದರೆ ಅಲ್ಲಿ ಚೆನ್ನಾಗಿ ಫಲ ಕಂಡಿದ್ದು ಟನ್ನಿಗೆ ಹತ್ತಾರು ಕಿಲೋ ಹಾಕಿದಾಗ. ಮಾರುವವರು ಟನ್ನಿಗೆ ಒಂದು ಕಿಲೋ ಹಾಕಿಸಿ ಅದೇ ಫಲದ ಚಿತ್ರ ತೋರಿಸುತ್ತಾರೆ. ಒಂದು ಕಿಲೋದಿಂದ ಬ್ಯಾಕ್ಟೀರಿಯಾ ಹತೋಟಿಗೆ ಅನುಕೂಲವಾಗಬಹುದು, ಮೂಳೆಯ ಹೆಸರಿನಲ್ಲಿ ಮಾರಬೇಡಿ ಎನ್ನುತ್ತೇನೆ. ಅದಕ್ಕಿಂತ ಜೋಳವನ್ನು ಸ್ವಲ್ಪ ತರಿಯಾಗಿ ಒಡೆಸುವುದು ಮೇಲು. ತರಿ ಇದ್ದರೆ ಕಂದನಕಾಯಿ ದಪ್ಪಗೆ ಬೆಳೆದು ಆಹಾರವನ್ನು ಹೆಚ್ಚು ಹೊತ್ತು ಆಮ್ಲದಲ್ಲಿ ಹಿಡಿದಿಡುತ್ತದೆ, ಫೈಟೇಸ್‌ಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಹ್ಯಾಮರ್ ಮಿಲ್ಲಿನ ಜರಡಿ ಬದಲಾಯಿಸುವುದಷ್ಟೇ ಖರ್ಚು.

ಅಣ್ಣತಮ್ಮಂದಿರ ಮುಂದಿನ ಬ್ಯಾಚಿಗೆ ಡಿಸಿಪಿ ಬೇರೆ ಕಡೆಯಿಂದ ತರಿಸಿದೆವು, ಕಲ್ಲುಪುಡಿಯಲ್ಲಿ ವಾಹಕದ ಲೆಕ್ಕ ಕಳೆದೆವು, ಫೈಟೇಸ್ ಸೇರಿಸಿದೆವು. ನೀರಿನ ಕ್ಯಾಲ್ಸಿಯಂ ನಿಲ್ಲಿಸಲು ಹಿರಿಯವರು ಸುಲಭಕ್ಕೆ ಒಪ್ಪಲಿಲ್ಲ. ಒಂದು ಶೆಡ್ಡಿಗೆ ಕೊಡಿ, ಇನ್ನೊಂದಕ್ಕೆ ಬೇಡ ಎಂದು ರಾಜಿಯಾಯಿತು. ಎರಡರ ಕೋಳಿಯ ಮೂಳೆ ತರಿಸಿ ಕೊಬ್ಬು ತೆಗೆದು ಕುಲುಮೆಯಲ್ಲಿ ಸುಟ್ಟು ಬೂದಿ ತೂಗಿದರೆ ಎರಡೂ ಶೇ. 50ರ ಮೇಲೇ ಇದ್ದವು, ವ್ಯತ್ಯಾಸ ಹೇಳಿಕೊಳ್ಳುವಂಥದ್ದಲ್ಲ. ಕ್ಯಾನಿನ ಹಣದ ಲೆಕ್ಕ ಅವರೇ ಮಾಡಿಕೊಂಡರು.

ಇದನ್ನು ಓದಿ ಕ್ಯಾಲ್ಸಿಯಂ ಪೂರ್ತಿ ತೆಗೆದುಬಿಡುವ ಉತ್ಸಾಹಿಗಳಿಗೆ ಒಂದು ಮಾತು. ರಂಜಕದ ಎದುರು ಕ್ಯಾಲ್ಸಿಯಂ ತೀರಾ ಇಳಿದರೆ ಟಿಬಿಯಾ ಮೂಳೆಯ ತುದಿಯಲ್ಲಿ ಗಟ್ಟಿಯಾಗದ ಮೃದ್ವಸ್ಥಿಯ ಮುದ್ದೆ ಉಳಿದು ಬೇರೆಯೇ ಕುಂಟು ಬರುತ್ತದೆ. ಕೀಲಿನಲ್ಲಿ ಕೀವು, ತೊಡೆಮೂಳೆಯ ತಲೆ ಕೊಳೆತಿದ್ದರೆ ಅದು ಬ್ಯಾಕ್ಟೀರಿಯಾ ಕೆಲಸ. ಸ್ನಾಯುರಜ್ಜು ಊದಿದ್ದರೆ ರಿಯೋವೈರಸ್ ಅನುಮಾನಿಸಬೇಕು. ಇವಕ್ಕೆ ಫೀಡಿನ ಚೀಲದಲ್ಲಿ ಉತ್ತರವಿಲ್ಲ.

ವಾಟ್ಸ್ಆಪ್‌ನಲ್ಲಿ ಕುಂಟುವ ಕೋಳಿಯ ವಿಡಿಯೋ ಕಳುಹಿಸಿ ಉತ್ತರ ಕೇಳಬೇಡಿ, ಅದರಲ್ಲಿ ನನಗೆ ಕಾಣುವುದು ಕುಂಟುವ ಕೋಳಿ ಮಾತ್ರ. ಕಳುಹಿಸುವುದಾದರೆ ಮೂರ್ನಾಲ್ಕು ಕೋಳಿಯ ಎರಡೂ ಕಾಲು ಮಂಜುಗಡ್ಡೆಯಲ್ಲಿಟ್ಟು, ಅವುಗಳ ವಯಸ್ಸು ಬರೆದು ಕಳುಹಿಸಿ. ಜೊತೆಗೆ ಅವು ತಿನ್ನುತ್ತಿದ್ದ ಫೀಡು ಒಂದು ಕಿಲೋ, ಬೇರೆ ಬೇರೆ ಚೀಲಗಳಿಂದ ತೆಗೆದು ಬೆರೆಸಿದ್ದು. ಡಿಸಿಪಿ ಮತ್ತು ಕಲ್ಲುಪುಡಿ ಒಂದೊಂದು ಹಿಡಿ. ನೀವು ಬಳಸುವ ಪ್ರತಿಯೊಂದು ಪುಡಿಯ ಲೇಬಲ್ಲಿನ ಫೋಟೋ, ಹಿಂಬದಿಯದ್ದೂ ಸೇರಿ. ವಾಹಕ ಯಾವುದೆಂದು ಬರೆದಿದ್ದರೆ ಅಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.